ಮಾಳಮಡ್ಡಿಯ ದಪ್ಪ ಗೋಡೆಯ ಮನೆಗೆ ಆರ್ಚರ್ ಸಿ6 ರೌಟರ್: ಆರು ತಿಂಗಳ ಅನುಭವ

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಮನೆ. ಮುಂದೆ ಪಡಸಾಲೆ, ನಡುವೆ ದೇವರ ಮನೆ, ಹಿಂದೆ ಅಡುಗೆಮನೆ, ಅದರ ಮೇಲೆ ಒಂದು ಖೋಲಿ. ಕಲ್ಲು ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ತಂಪಾಗಿರುತ್ತೆ, ಆದರೆ ವೈಫೈ ಮಾತ್ರ ದಾಟಲ್ಲ. ಫೈಬರ್ ಕನೆಕ್ಷನ್ 200 ಎಂಬಿಪಿಎಸ್‌ದು. ಅದರ ಡಬ್ಬಿ ಪಡಸಾಲೆಯ ಕಿಟಕಿ ಪಕ್ಕ ಇದೆ, ಯಾಕಂದ್ರೆ ಹಾಕಲು ಬಂದವರು ವೈರ್ ಎಲ್ಲಿ ಒಳಗೆ ಬಂತೋ ಅಲ್ಲೇ ಮೊಳೆ ಹೊಡೆದು ಹೋದರು. ಆ ಒಂದು ಡಬ್ಬಿಯಿಂದ ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್, ಟಿವಿ, ಮಗಳ ಟ್ಯಾಬ್, ಗೇಟ್ ಮೇಲಿನ ಕ್ಯಾಮೆರಾ ಎಲ್ಲಾ ನಡೆಯಬೇಕು.

ಪಡಸಾಲೆಯಲ್ಲಿ ಕೂತರೆ 190 ಬರುತ್ತಿತ್ತು. ಅಡುಗೆಮನೆಯಲ್ಲಿ 6. ಮೇಲಿನ ಖೋಲಿಯಲ್ಲಿ 11, ಅದೂ ಬಾಗಿಲು ತೆಗೆದಿದ್ದರೆ. ತಮ್ಮ ಅಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಾನೆ, ಮೀಟಿಂಗ್ ಬಂತಂದ್ರೆ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದ. ಅವ್ವ ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ವಚನ ಕೇಳುತ್ತಾಳೆ. "ಏ, ಇದು ಮತ್ತ ಗರಗರ ತಿರಗಾಕತ್ತೈತಿ ನೋಡೋ" ಅಂತ ದಿನಾ ಒಳಗಿಂದ ಕೂಗು ಬರುತ್ತಿತ್ತು.

ಕಂಪನಿಗೆ ಫೋನ್ ಮಾಡಿದರೆ 300 ಎಂಬಿಪಿಎಸ್ ಪ್ಲಾನ್ ತಗೊಳ್ಳಿ ಅಂದರು. ನಿಮಗೂ ಹೀಗೇ ಹೇಳಿದರೆ ದಯವಿಟ್ಟು ದುಡ್ಡು ಕಟ್ಟುವ ಮೊದಲು ಡಬ್ಬಿಯ ಪಕ್ಕ ನಿಂತು ಒಮ್ಮೆ, ತೊಂದರೆ ಇರುವ ಖೋಲಿಯಲ್ಲಿ ಒಮ್ಮೆ ಸ್ಪೀಡ್ ನೋಡಿ. ಪಕ್ಕದಲ್ಲಿ ಪೂರ್ತಿ ಬಂದು ಒಳಗೆ ಬರಲಿಲ್ಲ ಅಂದ್ರೆ ಪ್ಲಾನ್ ಸರಿಯಾಗೇ ಇದೆ, ಅಡ್ಡ ಇರೋದು ಗೋಡೆ. 5 ಗಿಗಾಹರ್ಟ್ಸ್ ವೈಫೈ ವೇಗವಾಗಿರುತ್ತೆ, ಆದರೆ ಇಂಥ ಗೋಡೆ ಕಂಡರೆ ಅಲ್ಲೇ ನಿಲ್ಲುತ್ತೆ. 2.4 ಸ್ವಲ್ಪ ದೂರ ಹೋಗುತ್ತೆ, ವೇಗ ಕಡಿಮೆ, ಅಕ್ಕಪಕ್ಕದ ಮನೆಯವರದ್ದೂ ಅದರಲ್ಲೇ ಗದ್ದಲ.

ಮೊದಲು ಒಂದು ರಿಪೀಟರ್ ತಂದೆ, ಗೋಡೆಯ ಪ್ಲಗ್‌ಗೆ ಸಿಕ್ಕಿಸುವಂಥದ್ದು. ಫೋನಿನಲ್ಲಿ ಕಡ್ಡಿ ಪೂರ್ತಿ ಬಂತು, ವೇಗ ಬರಲಿಲ್ಲ. ಒಂದೇ ಆಳು ನಳಕ್ಕೆ ಹೋಗಿ ಕೊಡ ತುಂಬಿಸಿಕೊಂಡು ಬಂದು, ಹಂಡೆಗೆ ಸುರಿದು, ಮತ್ತೆ ನಳಕ್ಕೆ ಓಡಿದ ಹಾಗೆ ಅದರ ಕೆಲಸ. ಡಬ್ಬಿಯಿಂದ ತಗೊಳ್ಳೋದೂ ಫೋನಿಗೆ ಕೊಡೋದೂ ಒಂದೇ ರೇಡಿಯೋದಲ್ಲಿ ಆದರೆ ಅರ್ಧ ವೇಗ ಅಲ್ಲೇ ಹೋಗುತ್ತೆ. 1,100 ರೂಪಾಯಿ ಸುಮ್ನೆ ಹೋಯಿತು.

ಆಮೇಲೆ ಒಂದು ಶನಿವಾರ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಹೋಗಿ ಟಿಪಿ-ಲಿಂಕ್ ಆರ್ಚರ್ ಸಿ6 ತಂದೆ, 2,400 ರೂಪಾಯಿಗೆ. 2.4, 5 ಎರಡೂ ಬ್ಯಾಂಡ್ ಇದೆ, ಹೊರಗೆ ನಾಲ್ಕು ಆಂಟೆನಾ, ಹಿಂದಿನ ಪೋರ್ಟ್‌ಗಳೆಲ್ಲಾ ಗಿಗಾಬಿಟ್, ಅಂದ್ರೆ 1000 ಎಂಬಿಪಿಎಸ್‌ದು. ಈ ಕೊನೆಯದ್ದನ್ನು ಕೇಳಿಯೇ ತಗೊಳ್ಳಿ. ಅಗ್ಗದ ರೌಟರ್‌ಗಳಲ್ಲಿ 100ರ ಪೋರ್ಟ್ ಇರುತ್ತೆ, ನಿಮ್ಮ ಪ್ಲಾನ್ 200 ಇದ್ದರೂ ವೈರಿನಿಂದ 94ರ ಆಸುಪಾಸಿಗಿಂತ ಜಾಸ್ತಿ ಬರಲ್ಲ.

ವೈರ್ ವಿಷಯದಲ್ಲಿ ಅಂಗಡಿಯವರು ಕಲಿಸಿದ ಪಾಠ ದೊಡ್ಡದು. ಎರಡು ಥರದ ಕ್ಯಾಟ್6 ನೆಟ್‌ವರ್ಕ್ ವೈರ್ ತಂದಿಟ್ಟು, ಒಂದರ ಎಳೆಯನ್ನು ಬ್ಲೇಡಿನಿಂದ ಕೆರೆದು ಕೈಗೆ ಕೊಟ್ಟರು. ಕೆಂಪು ಹೋಗಿ ಬೆಳ್ಳಗೆ ಹೊಳೆಯಿತು. "ನೋಡ್ರಿ ಸರ, ಮ್ಯಾಲೆ ಅಷ್ಟ ತಾಮ್ರ, ಒಳಗ ಅಲ್ಯುಮಿನಿಯಂ ಐತಿ." ಇನ್ನೊಂದನ್ನು ಎಷ್ಟು ಕೆರೆದರೂ ಕೆಂಪೇ. ಮೀಟರಿಗೆ 28 ರೂಪಾಯಿ ಆದರೂ ಅದನ್ನೇ 22 ಮೀಟರ್ ತಗೊಂಡೆ.

ಪಡಸಾಲೆಯ ಡಬ್ಬಿಯಿಂದ ಮೇಲಿನ ಖೋಲಿಯಲ್ಲಿಟ್ಟ ಹೊಸ ರೌಟರ್‌ಗೆ ವೈರ್ ಹೊರಗೋಡೆಯ ಮೇಲೆ ಹೋಗಿದೆ, ಪೂರ್ತಿ ಪಿವಿಸಿ ಪೈಪಿನೊಳಗೆ. ಧಾರವಾಡದ ಮಂಗಗಳು ಗೊತ್ತಲ್ಲ, ಹಂಚಿನ ಮೇಲೆ ಬಂದರೆ ಕೈಗೆ ಸಿಕ್ಕಿದ್ದನ್ನು ಜಗ್ಗದೆ ಬಿಡಲ್ಲ. ಒಳಗೆ ಹೋಗುವ ತೂತಿನ ಹತ್ತಿರ ವೈರನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮೇಲೆ ತಂದಿದ್ದೇವೆ, ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ. ನಮ್ಮೂರಿನ ಮಳೆಗೆ ಇದು ಬೇಕೇ ಬೇಕು.

ಇನ್ನು ವೈರಿನ ತುದಿಗೆ ಪೋರ್ಟ್‌ನಲ್ಲಿ ಸಿಕ್ಕಿಸುವ ಕ್ಲಿಪ್ ಹಾಕುವುದು. ವೈರ್ ಕೆಲಸದ ಹುಡುಗ ಬಂದು ಎರಡೂ ತುದಿಗೆ ಕ್ಲಿಪ್ ಒತ್ತಿದ, ನೆಟ್ ಬಂತು, ಅವನು ಹೊರಟ. ಸ್ಪೀಡ್ ನೋಡಿದರೆ 94. ಮತ್ತೆ ನೋಡಿದೆ, 93. ಹತ್ತು ಸಲ ನೋಡಿದರೂ ಅಷ್ಟೇ, ಒಂದಂಕಿ ಮೇಲಿಲ್ಲ. ಏರಿಳಿತ ಇಲ್ಲದೆ ಅಲ್ಲೇ ನಿಂತರೆ ಅದು ಸಿಗ್ನಲ್ ತೊಂದರೆ ಅಲ್ಲ, ಎಲ್ಲೋ ಒಂದು ಕಡೆ ಲಿಂಕ್ 100ಕ್ಕೆ ಇಳಿದಿದೆ ಅಂತ ಅರ್ಥ. ವೈರಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹುಡುಗನಿಗೆ ಫೋನ್ ಮಾಡಿದೆ, ಬೇಸರ ಮಾಡಿಕೊಳ್ಳದೆ ಬಂದ. ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿದೆವು: ಕಂದು ಎಳೆ ತುದಿಯವರೆಗೆ ಹೋಗಿರಲೇ ಇಲ್ಲ, ಕೂದಲಷ್ಟು ಹಿಂದೆ ನಿಂತಿತ್ತು. ಕತ್ತರಿಸಿ, ಎಳೆಗಳನ್ನು ಮತ್ತೆ ಸಾಲಾಗಿ ಜೋಡಿಸಿ ಒತ್ತಿದ. 192 ಬಂತು. ಎರಡನೇ ಸಲ ಬಂದಿದ್ದಕ್ಕೆ ದುಡ್ಡು ಕೊಟ್ಟರೂ ತಗೊಳ್ಳಲಿಲ್ಲ.

ಸೆಟ್ಟಿಂಗ್‌ನಲ್ಲಿ ಒಂದೇ ಮುಖ್ಯ. ರೌಟರನ್ನು 'ಆಕ್ಸೆಸ್ ಪಾಯಿಂಟ್' ಮೋಡ್‌ಗೆ ಹಾಕಬೇಕು. ಹಾಕದಿದ್ದರೆ ಒಂದೇ ಸೂರಿನಡಿ ಒಲೆ ಬೇರೆ ಮಾಡಿಕೊಂಡ ಹಾಗೆ: ಪಡಸಾಲೆಯ ಡಬ್ಬಿ ತನ್ನ ಕಡೆಯವರಿಗೆ 192.168.1 ಅಂತ ಶುರುವಾಗುವ ವಿಳಾಸ ಹಂಚುತ್ತೆ, ಹೊಸ ರೌಟರ್ ತನ್ನವರಿಗೆ 192.168.0 ಅಂತ. ಆಗ ಮೇಲಿರುವ ಫೋನಿನಿಂದ ಕೆಳಗಿನ ಟಿವಿಗೆ ವಿಡಿಯೋ ಕಳಿಸಲು ಹೋದರೆ ಟಿವಿ ಕಾಣಿಸುವುದೇ ಇಲ್ಲ. ಮೋಡ್ ಬದಲಿಸಿದ ಮೇಲೆ ವಿಳಾಸ ಕೊಡುವುದು ಕೆಳಗಿನ ಡಬ್ಬಿ ಮಾತ್ರ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟಿದ್ದೇನೆ.

ಈಗ ತಮ್ಮನ ಲ್ಯಾಪ್‌ಟಾಪ್‌ಗೆ ನೇರ ವೈರ್, ಮೀಟಿಂಗ್ ಅಂತ ಮೆಟ್ಟಿಲಿಗೆ ಬಂದಿದ್ದು ನಾನು ನೋಡಿಲ್ಲ. ಅಡುಗೆಮನೆಯಲ್ಲಿ 110ರವರೆಗೆ ಬರುತ್ತೆ, ಖೋಲಿಗೂ ಅಡುಗೆಮನೆಗೂ ನಡುವೆ ಇರೋದು ಮರದ ಹಲಗೆ ಮಾತ್ರ ಅಲ್ವಾ, ಅದನ್ನು ಸಲೀಸಾಗಿ ದಾಟುತ್ತೆ. ಅವ್ವನ ವಚನ ನಡುವೆ ನಿಂತಿಲ್ಲ. ನನಗೆ ಅದೇ ದೊಡ್ಡದು.

ಕೆಲವು ಮಾತು ಮೊದಲೇ ತಿಳಿದಿರಲಿ. ಈ ಮೋಡ್‌ನಲ್ಲಿ ಮಕ್ಕಳಿಗೆ ಸಮಯ ಕಟ್ಟುವ ಸೌಲಭ್ಯ ಹೊಸ ರೌಟರ್‌ನಲ್ಲಿ ಸಿಗಲ್ಲ, ಕೆಳಗಿನ ಡಬ್ಬಿಯಲ್ಲೇ ಮಾಡಬೇಕು. ಹಳೇ ಫೋನ್‌ಗಳು ಮೇಲೆ ಹೋದರೂ ಪಡಸಾಲೆಯ ಸಿಗ್ನಲ್ಲನ್ನೇ ಹಿಡಿದುಕೊಂಡಿರುತ್ತವೆ, ಒಮ್ಮೆ ವೈಫೈ ಆರಿಸಿ ಹಾಕಿದರೆ ಸರಿ. ನಮ್ಮ ಕ್ಯಾಮೆರಾಕ್ಕೆ 2.4 ಮಾತ್ರ ಗೊತ್ತು, ಅದನ್ನು ಜೋಡಿಸುವಾಗ ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಡಬೇಕಾಯಿತು. ಕರೆಂಟ್ ಹೋದಾಗ ನೆಟ್ ಬೇಕಂದ್ರೆ ಎರಡೂ ಕಡೆ ಚಿಕ್ಕ ಯುಪಿಎಸ್ ಬೇಕು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಯೇ ತನ್ನಿ, ಸಿ6ಗೆ 12 ವೋಲ್ಟ್.

ವೈರ್, ಪೈಪ್, ಹುಡುಗನ ಕೂಲಿ ಎಲ್ಲಾ ಸೇರಿ 3,600ರೊಳಗೆ ಆಯಿತು. ರಿಪೀಟರ್ ಇನ್ನೂ ಕಪಾಟಿನಲ್ಲಿದೆ. ನಿಮ್ಮದು ಒಂದೇ ಖೋಲಿಯ ಮನೆ, ಗೋಡೆ ತೆಳ್ಳಗಿದೆ, ವೈರ್ ಎಳೆಯಲು ಆಗಲ್ಲ ಅನ್ನುವವರು ಮಾಳಮಡ್ಡಿ ಕಡೆ ಇದ್ದರೆ ಹೇಳಿ, ಕೊಡುತ್ತೇನೆ, ಒಂದು ವಾರ ಹಾಕಿ ನೋಡಿ.