ಅಕ್ಕನ ಮದುವೆ ಕ್ಯಾಸೆಟ್‌ಗೆ ಮೂರು ದಾರಿ, ನನ್ನ ಓಟು ಒಂದಕ್ಕೇ

ಹಳೇ ಕ್ಯಾಸೆಟ್ ವಿಡಿಯೋದಲ್ಲಿ ಏನಾದರೂ ಅಲುಗಾಡಿದಾಗ ಮೂಡುವ ಗೆರೆಗಳನ್ನು ತೆಗೆಯೋಕೆ ಮೂರು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಎಫ್‌ಎಫ್‌ಎಂಪೆಗ್ ಅನ್ನೋ, ಆದೇಶ ಬರೆದು ನಡೆಸುವ ವಿಡಿಯೋ ತಂತ್ರಾಂಶದಲ್ಲಿರುವ ಬಿಡಬ್ಲ್ಯುಡಿಫ್ ಫಿಲ್ಟರ್. ಪುರುಸೊತ್ತು ಇಲ್ಲದವರು ಇಲ್ಲಿಗೇ ನಿಲ್ಲಿಸಬಹುದು.

ಅಕ್ಕನ ಮದುವೆ 2003ರಲ್ಲಿ ಹಳೇ ಬಾಗಲಕೋಟೆಯಲ್ಲಿ ಆಗಿತ್ತು. ಆ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು, ಹಾಗಾಗಿ ನಮ್ಮ ಹಳೇ ಮನೆಯ ಅಂಗಳ ಈಗ ಕಾಣೋದು ಮೂರು ಮಿನಿ ಡಿವಿ (ಡಿಜಿಟಲ್ ವಿಡಿಯೋ) ಕ್ಯಾಸೆಟ್‌ಗಳಲ್ಲಿ ಮಾತ್ರ. ಎರಡನ್ನು ಒಂದು ಅಂಗಡಿಗೆ ಕೊಟ್ಟು, ಕ್ಯಾಸೆಟ್‌ಗೆ 500 ರೂಪಾಯಿ ತೆತ್ತು, ಪೆನ್‌ಡ್ರೈವ್‌ನಲ್ಲಿ ಎಂಪಿ4 ಮಾಡಿಸಿಕೊಂಡೆ. ತಪ್ಪು ಶುರುವಾಗಿದ್ದು ಅಲ್ಲೇ.

ಎಡಿಟಿಂಗ್‌ಗೆ ನೇರವಾಗಿ ಹಾಕಿದೆ. ಯಾರಾದರೂ ಕೈ ಬೀಸಿದರೆ ಸಾಕು, ಬೆರಳಂಚಿಗೆ ಬಾಚಣಿಕೆ ಹಲ್ಲು ಮೂಡುತ್ತಿತ್ತು. ಇಂಟರ್‌ಲೇಸ್ ವಿಡಿಯೋ ಅಂದರೆ ಇದೇ ಅಲ್ವಾ. ಸೆಕೆಂಡಿಗೆ 25 ಫ್ರೇಮ್ ಅಂತ ಬರೆದಿರುತ್ತದೆ, ಆದರೆ ಒಂದೊಂದು ಫ್ರೇಮ್‌ನಲ್ಲೂ ಬೇರೆ ಬೇರೆ ಕ್ಷಣದ ಎರಡು ಫೀಲ್ಡ್, ಅಂದರೆ ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರಗಳು, ಹೆಣೆದುಕೊಂಡಿರುತ್ತವೆ. ಲೆಕ್ಕ ಹಾಕಿದರೆ 50 ಕ್ಷಣ. ಡಿಇಂಟರ್‌ಲೇಸ್ ಮಾಡಿ, ಅಂದರೆ ಈ ಹೆಣಿಗೆ ಬಿಡಿಸಿ, 25ಕ್ಕೇ ನಿಲ್ಲಿಸಿದರೆ ಅರ್ಧ ಚಲನೆ ಕಸದ ಬುಟ್ಟಿಗೆ. ನನಗೆ 50 ಬೇಕಿತ್ತು.

ಮೊದಲು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತಕ. ಉಚಿತ, ಸುಲಭ, ಬಟನ್ ಒತ್ತಿದರೆ ಕೆಲಸ ಆಗುತ್ತದೆ. ಆದರೆ ಪ್ರತಿ ಫೀಲ್ಡ್ ಅನ್ನೂ ಒಂದು ಫ್ರೇಮ್ ಮಾಡುವ ಬಾಬ್ ಆಯ್ಕೆ ಮಾಡಿಯೂ 576ಪಿ25 ಅನ್ನೋ 25 ಫ್ರೇಮ್‌ನ ಸಿದ್ಧ ಪ್ರಿಸೆಟ್ ಹಾಗೇ ಬಿಟ್ಟಿದ್ದೆ, ಅದು ಸುಮ್ನೆ 25ಕ್ಕೇ ಇಳಿಸಿ ಕೊಟ್ಟಿತು. ಫ್ರೇಮ್ ರೇಟ್‌ನಲ್ಲಿ 50 ಅಂತ ನಾವೇ ಹಾಕಬೇಕು. ಅದು ಗೊತ್ತಾಗೋ ಹೊತ್ತಿಗೆ ಒಂದು ಭಾನುವಾರ ಮುಗಿದಿತ್ತು.

ಎರಡನೆಯದು ಕ್ಯುಟಿಜಿಎಂಸಿ, ಅವಿಸಿಂತ್ ಅನ್ನೋ ವಿಡಿಯೋ ತಂತ್ರಾಂಶದಲ್ಲಿ ಓಡುವ ಡಿಇಂಟರ್‌ಲೇಸ್ ಸ್ಕ್ರಿಪ್ಟ್. ಚಿತ್ರ ಚೆನ್ನಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅಕ್ಕನ ಇಳಕಲ್ ಸೀರೆಯ ಸಣ್ಣ ಚೌಕುಳಿ ಬೇರೆ ಕಡೆ ಮಿಣಮಿಣ ಅನ್ನುತ್ತಿತ್ತು, ಇಲ್ಲಿ ಗಟ್ಟಿಯಾಗಿ ನಿಂತಿತು. ಆದರೆ ನನ್ನ 8 ಜಿಬಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಕ್ಯಾಸೆಟ್‌ಗೆ ಇಡೀ ರಾತ್ರಿ ಬೇಕು. ಒಮ್ಮೆ ಬೆಳಗಿನ ಜಾವ ಕರೆಂಟ್ ಹೋಯಿತು, ಬ್ಯಾಟರಿ ಹೇಗೂ ಸತ್ತಿದೆ, ಮತ್ತೆ ಮೊದಲಿಂದ. ಅಲ್ಲಿಗೆ ಕೈಬಿಟ್ಟೆ.

ಕೊನೆಗೆ ಎಫ್‌ಎಫ್‌ಎಂಪೆಗ್. ಬಿಡಬ್ಲ್ಯುಡಿಫ್ ಹಾಕಿದೆ, ಪ್ರತಿ ಫೀಲ್ಡ್‌ಗೂ ಒಂದು ಫ್ರೇಮ್ ಕೊಡು ಅಂದೆ. ಊಟ ಮುಗಿಸಿ ಬರೋದರೊಳಗೆ ಫೈಲ್ ರೆಡಿ. ಅದನ್ನು ಅವ್ವನಿಗೆ ತೋರಿಸಿದೆ. ಎರಡು ನಿಮಿಷ ನೋಡಿ, "ಎಲ್ಲಾರೂ ಹಿಂಗ್ಯಾಕ ನಡಗಾಕತ್ತಾರ, ಥಂಡಿ ಇತ್ತೇನು ಅವತ್ತ?" ಅಂದಳು. ಮದುವೆ ಆಗಿದ್ದು ಮೇ ತಿಂಗಳಲ್ಲಿ!

ನಿಜ, ಎಲ್ಲರೂ ನಡುಗುತ್ತಿದ್ದರು. ಮೊದಲು ಬಿಟ್‌ರೇಟ್ ಕಡಿಮೆ ಇರಬೇಕು ಅಂದುಕೊಂಡು ಹೆಚ್ಚಿಸಿದೆ, ಆಮೇಲೆ ಪ್ಲೇಯರ್ ಬದಲಿಸಿದೆ, ಲ್ಯಾಪ್‌ಟಾಪ್‌ಗೇ ವಯಸ್ಸಾಯಿತು ಅಂತ ಬೈದೂ ಆಯಿತು. ಕೊನೆಗೆ ವಿಎಲ್‌ಸಿಯಲ್ಲಿ ಹಾಕಿ ಒಂದೊಂದೇ ಫ್ರೇಮ್ ಮುಂದೆ ತಳ್ಳಿದೆ. ಅಕ್ಕಿಕಾಳು ಹಾಕುವ ಜಾಗ. ಕಾಳು ಕೆಳಗೆ ಬರುತ್ತದೆ, ಮುಂದಿನ ಫ್ರೇಮ್‌ನಲ್ಲಿ ಸ್ವಲ್ಪ ಮೇಲೆ ಏರುತ್ತದೆ, ಮತ್ತೆ ಧಡಕ್ಕನೆ ಕೆಳಗೆ, ಮತ್ತೆ ಸ್ವಲ್ಪ ಮೇಲೆ. ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಫೀಲ್ಡ್‌ಗಳ ಸರದಿ ಅದಲುಬದಲಾಗಿತ್ತು. ಡಿವಿ ಕ್ಯಾಸೆಟ್‌ನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಅಂಗಡಿಯವರು ಕೊಟ್ಟ ಫೈಲ್ ಮೇಲೆ ಮಾತ್ರ ಮೇಲಿನದು ಮೊದಲು ಅನ್ನೋ ಗುರುತು. ಫಿಲ್ಟರ್ ಪಾಪ ಆ ಗುರುತನ್ನೇ ನಂಬಿತ್ತು, ಹಾಗಾಗಿ ಒಂದು, ಎರಡು, ಮೂರು, ನಾಲ್ಕು ಅನ್ನೋ ಬದಲು ಎರಡು, ಒಂದು, ನಾಲ್ಕು, ಮೂರು ಅಂತ ಎಣಿಸುತ್ತಿತ್ತು. 25 ಫ್ರೇಮ್‌ಗೆ ಇಳಿಸಿದಾಗ ಈ ರೋಗ ಅಷ್ಟಾಗಿ ಕಣ್ಣಿಗೆ ಬೀಳೋದಿಲ್ಲ, ಅದಕ್ಕೇ ಹ್ಯಾಂಡ್‌ಬ್ರೇಕ್ ಕೊಟ್ಟ ಫೈಲ್ ನೋಡಿದಾಗ ನನಗೆ ಅನುಮಾನವೇ ಬರಲಿಲ್ಲ.

ಎಫ್‌ಎಫ್‌ಎಂಪೆಗ್‌ನಲ್ಲೇ ಐಡೆಟ್ ಅಂತ ಇನ್ನೊಂದು ಫಿಲ್ಟರ್ ಇದೆ, ಅದು ಗುರುತನ್ನು ಬಿಟ್ಟು ಚಿತ್ರವನ್ನೇ ನೋಡಿ ಲೆಕ್ಕ ಕೊಡುತ್ತದೆ. ಬ್ಯಾಂಡಿನವರು ಕುಣಿಯುವ ಭಾಗಕ್ಕೆ ಓಡಿಸಿದೆ, ಬಿಎಫ್‌ಎಫ್, ಅಂದರೆ ಕೆಳಗಿನ ಫೀಲ್ಡ್ ಮೊದಲು ಅನ್ನೋ ಕಡೆಗೇ ಜಾಸ್ತಿ ಎಣಿಕೆ ಬಂತು. ಬಿಡಬ್ಲ್ಯುಡಿಫ್‌ಗೆ ಫೀಲ್ಡ್ ಸರದಿ ಹೇಳುವ ಪ್ಯಾರಿಟಿ ಜಾಗದಲ್ಲಿ ಬಿಎಫ್‌ಎಫ್ ಅಂತ ನಾನೇ ಬರೆದೆ. ಅಕ್ಕಿಕಾಳು ನೆಟ್ಟಗೆ ಬಿತ್ತು. ಈಗ ಯಾವ ಕ್ಯಾಸೆಟ್ ಆದರೂ ಮೊದಲು ಹತ್ತು ಸೆಕೆಂಡ್ ಕತ್ತರಿಸಿ ಇಷ್ಟನ್ನು ನೋಡಿಯೇ ಮುಂದಕ್ಕೆ ಹೋಗುತ್ತೇನೆ.

ಅಳತೆ ಬದಲಿಸೋದು ಡಿಇಂಟರ್‌ಲೇಸ್ ಆದ ಮೇಲೆಯೇ. 720×576 ಪಿಕ್ಸೆಲ್ ಚಿತ್ರವನ್ನು 768×576 ಮಾಡಿದರೆ ಮುಖಗಳು ಉದ್ದಕ್ಕೆ ಎಳೆದ ಹಾಗೆ ಕಾಣೋದಿಲ್ಲ.

ಹ್ಯಾಂಡ್‌ಬ್ರೇಕ್ ಇನ್ನೂ ತೆಗೆದುಹಾಕಿಲ್ಲ. ಸಂಬಂಧಿಕರು ಮೊಬೈಲ್‌ನಲ್ಲಿ ಹಾರೈಕೆ ಕಳಿಸಿದ್ದರು, ಅವುಗಳ ಫ್ರೇಮ್ ರೇಟ್ 30ರ ಆಚೀಚೆ ಏರುಪೇರು, ಟೈಮ್‌ಲೈನ್‌ಗೆ ಹಾಕಿದರೆ ಕಾಕಾ ತುಟಿ ಮುಚ್ಚಿದ ಮೇಲೆ ಮಾತು ಕೇಳುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಅಂತ ಒಂದು ಟಿಕ್, ಅಷ್ಟೇ.

ಹೊಸ ಕಂಪ್ಯೂಟರ್ ಇದ್ದು, ರಾತ್ರಿಯಿಡೀ ಕರೆಂಟ್ ಇರುತ್ತದೆ ಅನ್ನೋ ಧೈರ್ಯ ಇದ್ದವರು ಕ್ಯುಟಿಜಿಎಂಸಿಗೆ ಹೋಗಿ. ನಾನು ಸಂಜೆ ಕೆಲಸದಿಂದ ಬಂದು ಎರಡು ತಾಸು ಕೂರುವವನು, ಆದೇಶಗಳನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟು ಅದನ್ನೇ ಮತ್ತೆ ಮತ್ತೆ ಅಂಟಿಸುವವನು, ನನಗೆ ಬಿಡಬ್ಲ್ಯುಡಿಫ್ ಫಿಲ್ಟರೇ ಸರಿ. ಸೀರೆ ಸ್ವಲ್ಪ ಮಿಣುಗಿದರೆ ಮಿಣುಗಲಿ.

ಮೂರನೇ ಕ್ಯಾಸೆಟ್ ಬಾಕಿ ಇದೆ. ಅದನ್ನು ಅಂಗಡಿಗೆ ಕೊಡೋದಿಲ್ಲ. ಕ್ಯಾಮೆರಾವನ್ನು ನೇರ ಜೋಡಿಸುವ ಫೈರ್‌ವೈರ್ ಪೋರ್ಟ್ ಇರುವ ಹಳೇ ಕಂಪ್ಯೂಟರ್ ಹುಡುಕುತ್ತಿದ್ದೇನೆ, ಗಂಟೆಗೆ 13 ಜಿಬಿ ಆದರೂ ಪರವಾಗಿಲ್ಲ, ಡಿವಿ ಹೇಗಿದೆಯೋ ಹಾಗೇ ಇಳಿಸಿಕೊಳ್ಳಬೇಕು.