ಫೋರ್ಡ್ ಎಫ್-150 (1990): ಮನೆಯ ಗ್ಯಾರೇಜಿನಲ್ಲೇ ದುರಸ್ತಿ ಮಾಡಿಕೊಂಡು ಓಡಿಸುತ್ತಿರುವವನ ವಿಮರ್ಶೆ

ಈ ವಿಮರ್ಶೆ 1990ರ ಮಾದರಿಯ ಫೋರ್ಡ್ ಎಫ್-150 ಪಿಕಪ್ಪಿನ ಕುರಿತದ್ದು. 4.9 ಲೀಟರಿನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆ ಮತ್ತು ಎಂಟಡಿ ಉದ್ದದ ಲೋಡ್ ಬಾಡಿ ಇದರದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಹಿಂದೆ ಹಲವರ ಕೈ ದಾಟಿ ಬಂದ ಗಾಡಿಯನ್ನು ಕೊಂಡು, ಅನೇಕ ಚಳಿಗಾಲಗಳಿಂದ ಅದನ್ನು ಓಡಿಸುತ್ತಲೂ ಬಿಚ್ಚುತ್ತಲೂ ಇದ್ದೇನೆ. ಸೌದೆ, ತೋಟದ ಮಣ್ಣು, ಗೆಳೆಯರು ಮನೆ ಬದಲಿಸುವಾಗಿನ ಸಾಮಾನು, ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ರಂಗಸಜ್ಜಿಕೆ ಎಲ್ಲವನ್ನೂ ಇದು ಹೊತ್ತಿದೆ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಒಂದು ಕಾರು ನಿಲ್ಲುವಷ್ಟು ಗ್ಯಾರೇಜು, ಮಧ್ಯಮ ದರ್ಜೆಯ ಸ್ಪ್ಯಾನರ್ ಸೆಟ್ಟು ಮತ್ತು ವಾರಾಂತ್ಯಗಳು ಮಾತ್ರ ನನ್ನ ಬಂಡವಾಳ. ಇಂಥ ಗಾಡಿಯನ್ನು ಕೊಳ್ಳಬೇಕೆಂದಿರುವವರಿಗೆ ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಎಂಜಿನ್ ಹೇಗಿದೆಯೆಂದು ತಲೆ ಕೆಡಿಸಿಕೊಳ್ಳುವ ಮುನ್ನ ಗಾಡಿಯ ಕೆಳಗೆ ಮಲಗಿ ಚಾಸಿಯನ್ನು ನೋಡಿ, ಬೆಲೆಯನ್ನು ತುಕ್ಕು ತೀರ್ಮಾನಿಸಲಿ.

ಎಂಜಿನ್ ವಿಷಯವನ್ನು ಬೇಗ ಮುಗಿಸಬಹುದು, ಏಕೆಂದರೆ ಅದರಲ್ಲಿ ದೂರುವಂಥದ್ದು ಕಡಿಮೆ. 300 ಘನ ಇಂಚಿನ ಈ ಎಂಜಿನನ್ನು ಫೋರ್ಡ್ 1965ರಿಂದ 1996ರವರೆಗೆ ತಯಾರಿಸಿತು. ಬ್ಲಾಕೂ ಹೆಡ್ಡೂ ಬೀಡು ಕಬ್ಬಿಣದವು. ಕ್ರ್ಯಾಂಕ್‌ಶಾಫ್ಟಿಗೆ ಏಳು ಮೇನ್ ಬೇರಿಂಗುಗಳ ಆಸರೆಯಿದೆ. ಕ್ಯಾಮ್‌ಶಾಫ್ಟನ್ನು ತಿರುಗಿಸಲು ಚೈನಾಗಲಿ ಬೆಲ್ಟಾಗಲಿ ಇಲ್ಲದೆ ಗೇರಿಗೆ ಗೇರನ್ನೇ ನೇರವಾಗಿ ಕೂಡಿಸಿರುವುದರಿಂದ, ಇಷ್ಟು ಸಾವಿರ ಮೈಲಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸಬೇಕೆಂಬ ಖರ್ಚು ಇಲ್ಲಿಲ್ಲ. ಶಕ್ತಿ ಸುಮಾರು 145 ಅಶ್ವಶಕ್ತಿ ಮಾತ್ರ, ಇಂದಿನ ಸಣ್ಣ ಕಾರುಗಳೂ ಇದನ್ನು ಮೀರಿಸುತ್ತವೆ. ಆದರೆ ಇದರ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 2,000 ಆರ್‌ಪಿಎಂನಲ್ಲೇ ತನ್ನ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಹಾಗಾಗಿ ತುಂಬಿದ ಗಾಡಿಯನ್ನು ಎರಡನೆಯ ಗೇರಿನಲ್ಲಿ ಏರು ಹತ್ತಿಸುವಾಗ ಎಂಜಿನ್ ಕಿರುಚುವುದಿಲ್ಲ. ಹೆದ್ದಾರಿಯಲ್ಲಿ ಮುಂದಿನ ಗಾಡಿಯನ್ನು ದಾಟುವ ಆಸೆಯನ್ನು ಮಾತ್ರ ಬಿಟ್ಟುಬಿಡಬೇಕು. ಇಂಧನ ಲೀಟರಿಗೆ ಆರರಿಂದ ಏಳು ಕಿಲೋಮೀಟರ್, ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಮನೆಯಲ್ಲಿ ಕೆಲಸ ಮಾಡುವವನ ದೃಷ್ಟಿಯಿಂದ ಇದರ ನಿಜವಾದ ಗುಣ ಬೇರೆಯದು. ಬಾನೆಟ್ ಎತ್ತಿದರೆ ಎಂಜಿನಿನ ಎರಡೂ ಬದಿಯಲ್ಲಿ ಕೈ ಇಳಿಸಲು, ಕೆಲವೊಮ್ಮೆ ಭುಜದವರೆಗೂ ಇಳಿಸಲು, ಜಾಗವಿದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿರುವುದರಿಂದ ಸ್ಪಾರ್ಕ್ ಪ್ಲಗ್ಗುಗಳು ಇನ್ನೊಂದು ಬದಿಯಲ್ಲಿ ತೆರೆದುಕೊಂಡಿವೆ. ಆರೂ ಪ್ಲಗ್ಗುಗಳನ್ನು ತೆಗೆದು, 0.044 ಇಂಚಿಗೆ ಗ್ಯಾಪ್ ಸರಿಪಡಿಸಿ ಮತ್ತೆ ಕೂರಿಸುವುದು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುವ ಕೆಲಸ. 1987ರಿಂದ ಬಂದ ಇಂಧನ ಇಂಜೆಕ್ಷನ್ ವ್ಯವಸ್ಥೆಯ ಮೇಲಿನ ಇನ್‌ಟೇಕ್ ಭಾಗವು ವಾಲ್ವ್ ಕವರಿನ ನೆತ್ತಿಯ ಮೇಲೆ ಹಾದುಹೋಗುವುದರಿಂದ, ಕವರಿನ ಗ್ಯಾಸ್ಕೆಟ್ ಬದಲಿಸಬೇಕಾದಾಗ ಮೊದಲು ಅದನ್ನೆಲ್ಲ ಕಳಚಬೇಕು. ಇಡೀ ಎಂಜಿನಿನಲ್ಲಿ ತಾಳ್ಮೆ ಬೇಡುವ ಕೆಲಸ ಇದು ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟುಗಳು. ದಶಕಗಳ ಕಾಲ ಕಾದು ತಣಿದ ಆ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಬಿಗಿಯಾದಾಗ ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ತಿರುಗಿಸುತ್ತ ಬಿಚ್ಚಬೇಕು. ಅವಸರ ಮಾಡಿದರೆ ತಲೆ ಮುರಿದು ಬೋಲ್ಟಿನ ಮೈ ಹೆಡ್ಡಿನೊಳಗೇ ಉಳಿಯುತ್ತದೆ.

ದೋಷ ಪತ್ತೆಗೆ ಸ್ಕ್ಯಾನರ್ ಬೇಡ ಎಂಬುದು ಹೊಸ ಗಾಡಿಗಳನ್ನು ಮಾತ್ರ ಕಂಡವರಿಗೆ ಅಚ್ಚರಿಯೆನಿಸಬಹುದು. ಆ ಕಾಲದ ಫೋರ್ಡ್ ಗಾಡಿಗಳ ಇಇಸಿ-4 ಎಂಬ ಕಂಪ್ಯೂಟರ್ ತನ್ನ ದೋಷಗಳನ್ನು ದೀಪ ಮಿನುಗಿಸಿ ಹೇಳುತ್ತದೆ. ಬಾನೆಟ್ಟಿನ ಕೆಳಗಿರುವ ಪರೀಕ್ಷಾ ಕನೆಕ್ಟರಿನ ನಿಗದಿತ ಎರಡು ಕಡೆಗಳಿಗೆ ಒಂದು ತುಂಡು ತಂತಿ ಸಿಕ್ಕಿಸಿ ಕೀ ತಿರುಗಿಸಿದರೆ, ಚೆಕ್ ಎಂಜಿನ್ ದೀಪ ಮಿನುಗತೊಡಗುತ್ತದೆ. ಒಮ್ಮೆ ಮಿನುಗಿ, ತುಸು ತಡೆದು, ಮತ್ತೊಮ್ಮೆ ಮಿನುಗಿದರೆ 11, ಅಂದರೆ ದೋಷವಿಲ್ಲ ಎಂದರ್ಥ. ಬೇರೆ ಸಂಖ್ಯೆ ಬಂದರೆ ಮ್ಯಾನುಯಲ್ ತೆರೆದು ನೋಡಬೇಕು. 1980ರಿಂದ 1996ರವರೆಗಿನ ಫೋರ್ಡ್ ಪಿಕಪ್ಪುಗಳಿಗೆಂದೇ ಹೇನ್ಸ್ ಕಂಪನಿಯ ಒಂದು ಪುಸ್ತಕವಿದೆ. ಜಿಡ್ಡು ಕೈಯಲ್ಲಿ ಮೊಬೈಲ್ ಪರದೆ ಒತ್ತುವುದಕ್ಕಿಂತ ಅದರ ಪುಟ ತಿರುವುವುದೇ ವಾಸಿ. ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗು ಕಿಡಿ ಹಾರಿಸುವ ಗಳಿಗೆಯನ್ನು, ಹೊಂದಿಸುವಾಗ ಸ್ಪೌಟ್ ಎಂದು ಕರೆಯುವ ಪುಟ್ಟ ಪ್ಲಗ್ಗನ್ನು ಕಳಚಿ ಹತ್ತು ಡಿಗ್ರಿಗೆ ತಂದು, ಆಮೇಲೆ ಮರೆಯದೆ ಮತ್ತೆ ಸಿಕ್ಕಿಸಬೇಕು. ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡಿರುವ ಇಗ್ನಿಷನ್ ಮಾಡ್ಯೂಲ್ ಬದಲಿಸುವವರು ಅದರ ಬೆನ್ನಿಗೆ ಶಾಖ ಸಾಗಿಸುವ ಪೇಸ್ಟ್ ಬಳಿಯಲೇಬೇಕು. ಅದರ ಸ್ಕ್ರೂಗಳಿಗೆ ತೆಳು ಅಂಚಿನ 5.5 ಮಿ.ಮೀ. ಸಾಕೆಟ್ ಬೇಕಾಗುತ್ತದೆ, ಸಾಮಾನ್ಯ ಸೆಟ್ಟಿನಲ್ಲಿ ಅದು ಇರುವುದಿಲ್ಲ.

ಇಂಥ ಅಪರೂಪದ ಸಲಕರಣೆಗಳ ವಿಷಯದಲ್ಲಿ ಇಲ್ಲಿನ ಬಿಡಿಭಾಗದ ಅಂಗಡಿಗಳು ದೊಡ್ಡ ಉಪಕಾರ ಮಾಡಿವೆ. ಆಟೋಝೋನ್‌ನಂಥ ಅಂಗಡಿಗಳಲ್ಲಿ ಠೇವಣಿ ಕಟ್ಟಿ ಬಾಲ್ ಜಾಯಿಂಟ್ ಪ್ರೆಸ್, ಪುಲ್ಲರ್ ಮುಂತಾದವನ್ನು ಮನೆಗೆ ಒಯ್ಯಬಹುದು, ಹಿಂತಿರುಗಿಸಿದಾಗ ಹಣ ಪೂರ್ತಿ ವಾಪಸು ಬರುತ್ತದೆ. ಬಿಡಿಭಾಗಗಳ ಗುಣಮಟ್ಟ ಮಾತ್ರ ಒಂದೇ ಸಮನಾಗಿಲ್ಲ. ಒಂದು ಅಂಗಡಿಯಿಂದ ತಂದ ಅಗ್ಗದ ಇಂಧನ ಪಂಪು ಮುಂದಿನ ಬೇಸಗೆಯನ್ನು ಕಾಣಲಿಲ್ಲ. ಟ್ಯಾಂಕ್ ಇಳಿಸುವ ಶ್ರಮ ಎಷ್ಟೆಂದು ಗೊತ್ತಿರುವವರು ಆ ಭಾಗದಲ್ಲಿ ಉಳಿತಾಯ ನೋಡಬಾರದು. ಅಂದಹಾಗೆ, ಲೋಡ್ ಬಾಡಿಯನ್ನು ಚಾಸಿಗೆ ಹಿಡಿದಿರುವುದು ಕೆಲವೇ ಬೋಲ್ಟುಗಳು. ಇಬ್ಬರು ಮೂವರು ಗೆಳೆಯರು ಸಿಗುವುದಾದರೆ, ಟ್ಯಾಂಕನ್ನು ಕೆಳಗೆ ಇಳಿಸುವುದಕ್ಕಿಂತ ಬಾಡಿಯನ್ನೇ ಎತ್ತಿ ಪಕ್ಕಕ್ಕಿಟ್ಟು ಪಂಪು ಬದಲಿಸುವುದು ಸುಲಭ, ಜೊತೆಗೆ ಚಾಸಿಯ ಮೇಲ್ಮೈಯನ್ನು ಹಗಲ ಬೆಳಕಿನಲ್ಲಿ ನೋಡುವ ಅವಕಾಶವೂ ಸಿಗುತ್ತದೆ.

ಗೇರ್‌ಬಾಕ್ಸ್ ಮಜ್ದಾ ವಿನ್ಯಾಸದ ಎಂ5ಓಡಿ. ಇದರ ಮೇಲಿನ ಮುಚ್ಚಳದ ಹಿಂಬದಿಯಲ್ಲಿ ಮೂರು ರಬ್ಬರ್ ಬಿರಡೆಗಳಿವೆ; ವಯಸ್ಸಾದಂತೆ ರಬ್ಬರ್ ಗಟ್ಟಿಯಾಗಿ ಅಲ್ಲಿಂದ ಎಣ್ಣೆ ಜಿನುಗುವುದು ಈ ಗೇರ್‌ಬಾಕ್ಸ್ ಬಲ್ಲವರೆಲ್ಲರಿಗೂ ತಿಳಿದ ಸಂಗತಿ. ಲೋಹದ ಬಿರಡೆಗಳು ಕೆಲವೇ ಡಾಲರಿಗೆ ಸಿಗುತ್ತವೆ. ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಮುಂಭಾಗದ ಒಳಗೇ ಇರುವುದರಿಂದ, ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಆದ್ದರಿಂದ ಒಮ್ಮೆ ಇಳಿಸಿದಾಗ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಸ್ಲೇವ್ ಸಿಲಿಂಡರ್, ಎಂಜಿನಿನ ಹಿಂಬದಿಯ ಸೀಲ್ ಮತ್ತು ಈ ಬಿರಡೆಗಳನ್ನೆಲ್ಲ ಒಟ್ಟಿಗೇ ಬದಲಿಸಿಬಿಟ್ಟೆ. ಒಳಗೆ ಹಾಕುವುದು ಗೇರ್ ಆಯಿಲ್ ಅಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಿಗೆ ಬಳಸುವ ತೆಳು ಎಣ್ಣೆ. ದಪ್ಪ ಎಣ್ಣೆ ಸುರಿದು ಇದನ್ನು ಹಾಳುಮಾಡಿದವರ ಕಥೆಗಳು ಗುಜರಿ ಅಂಗಡಿಗಳಲ್ಲಿ ಧಾರಾಳವಾಗಿ ಕೇಳಸಿಗುತ್ತವೆ.

ಇನ್ನು ತುಕ್ಕು. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲೆಂದು ರಸ್ತೆಗಳಿಗೆ ಸುರಿಯುವ ಉಪ್ಪಿಗೆ ಈ ಸೀಮೆಯಲ್ಲಿ ಕೊರತೆಯೆಂಬುದೇ ಇಲ್ಲ. ಉಪ್ಪು ನೀರು ಚಕ್ರದಿಂದ ಚಿಮ್ಮಿ ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳಲ್ಲಿ, ಬಾಗಿಲ ಕೆಳಗಿನ ಪಟ್ಟಿಗಳಲ್ಲಿ, ಹಿಂದಿನ ಚಕ್ರದ ಕಮಾನಿನಲ್ಲಿ, ರೇಡಿಯೇಟರ್ ಕೂರುವ ಅಡ್ಡಪಟ್ಟಿಯ ತಳದಲ್ಲಿ ನಿಲ್ಲುತ್ತದೆ. ಅಲ್ಲೆಲ್ಲ ಹೊರಗೆ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ತಗಡು ತೀರಿಹೋಗಿರುತ್ತದೆ. ಮಿಷಿಗನ್ನಿನಲ್ಲಿ ಗಾಡಿಗಳಿಗೆ ವಾರ್ಷಿಕ ತಪಾಸಣೆಯಿಲ್ಲ. ನಮ್ಮ ಕಡೆಯ ಎಫ್‌ಸಿಯಂತೆ ಒಬ್ಬ ಅಧಿಕಾರಿ ಕೆಳಗೆ ಬಗ್ಗಿ ನೋಡುವ ಪದ್ಧತಿ ಇಲ್ಲದಿರುವುದರಿಂದ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಗಾಡಿಗಳು ಮಾರುಕಟ್ಟೆಯಲ್ಲಿ ಸಲೀಸಾಗಿ ಕೈ ಬದಲಾಯಿಸುತ್ತವೆ. ಕೊಳ್ಳಲು ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ; ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ.

ಮೈಮೇಲಿನ ತುಕ್ಕು ನೋಟಕ್ಕೆ ಮಾತ್ರ ಕೆಟ್ಟದ್ದು. ಅಪಾಯಕಾರಿಯಾದದ್ದು ಹಿಂದಿನ ಲೀಫ್ ಸ್ಪ್ರಿಂಗುಗಳನ್ನು ಚಾಸಿಗೆ ತೂಗುಹಾಕುವ ಹ್ಯಾಂಗರ್ ಮತ್ತು ಶಾಕಲ್‌ಗಳದು. ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ಕೂರಿಸಿದ ಈ ಭಾಗಗಳು ಉಪ್ಪಿನ ಸೀಮೆಯಲ್ಲಿ ಸವೆದು ತೂತಾಗಿ, ಕೊನೆಗೆ ಸ್ಪ್ರಿಂಗಿನ ತುದಿ ಲೋಡ್ ಬಾಡಿಯ ತಳಕ್ಕೆ ಬಡಿಯುವ ಸ್ಥಿತಿ ಬರುತ್ತದೆ. ಬದಲಿ ಭಾಗಗಳು ಎಲ್ಲೆಡೆ ಸಿಗುತ್ತವೆ, ಕಷ್ಟವಿರುವುದು ರಿವೆಟ್ಟುಗಳನ್ನು ತೆಗೆಯುವುದರಲ್ಲಿ. ಚಾಸಿಯನ್ನು ಗಟ್ಟಿಯಾದ ಜಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲ್ಲಿನ ಭಾರವನ್ನು ಬೇರೊಂದು ಜಾಕಿಗೆ ವಹಿಸಿ, ಗ್ರೈಂಡರಿನಿಂದ ರಿವೆಟ್ಟಿನ ತಲೆಗಳನ್ನು ಸವೆಸಿ, ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದು ಹೊರಗಟ್ಟಬೇಕು. ಪೆಟ್ರೋಲ್ ಟ್ಯಾಂಕ್ ಹತ್ತಿರದಲ್ಲೇ ಇರುವುದರಿಂದ ಗ್ರೈಂಡರಿನ ಕಿಡಿಗೆ ಅಡ್ಡವಾಗಿ ತಗಡು ಇಟ್ಟುಕೊಂಡು, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿ ಇರಿಸಿಕೊಂಡೇ ಕೆಲಸ ಮಾಡಿದೆ. ಹೊಸ ಹ್ಯಾಂಗರುಗಳನ್ನು ರಿವೆಟ್ಟಿನ ಬದಲು ಹೆಚ್ಚು ಬಲದ ಗ್ರೇಡ್ 8ರ ಬೋಲ್ಟುಗಳಿಂದ ಕೂರಿಸಿದ ಮೇಲೆ ಗಾಡಿಯ ಹಿಂಭಾಗ ಮತ್ತೆ ನೇರವಾಗಿ ನಿಂತಿತು.

ಕ್ಯಾಬಿನ್ನಿನ ಮೂಲೆಗಳಿಗೆ ಸಿದ್ಧ ಆಕಾರದ ತಗಡುಗಳು ಸಿಗುತ್ತವೆ. ತುಕ್ಕು ಹಿಡಿದ ಭಾಗವನ್ನು ಹೊಳೆಯುವ ಲೋಹ ಕಾಣುವವರೆಗೂ ಕತ್ತರಿಸಿ, ಹೊಸ ತಗಡನ್ನು ಇಟ್ಟು, ಒಂದೊಂದು ಚುಕ್ಕೆ ವೆಲ್ಡಿಂಗ್ ಹಾಕಿ, ತಣಿಯಲು ಬಿಟ್ಟು, ದೂರದ ಇನ್ನೊಂದು ಕಡೆ ಮತ್ತೊಂದು ಚುಕ್ಕೆ ಹಾಕುತ್ತ ಹೋಗಬೇಕು. ಒಂದೇ ಉಸಿರಿಗೆ ಎಳೆದರೆ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ನಮ್ಮೂರಿನ ಟಿಂಕರಿಂಗ್ ಅಂಗಡಿಯ ಹುಡುಗರು ಗ್ಯಾಸ್ ವೆಲ್ಡಿಂಗಿನಲ್ಲಿ ಇದನ್ನು ಎಷ್ಟು ನಾಜೂಕಾಗಿ ಮಾಡುತ್ತಿದ್ದರೆಂಬುದು ನಾನೇ ಮಾಡತೊಡಗಿದ ಮೇಲೆ ಅರ್ಥವಾಯಿತು. ಒಳಗಿನ ಟೊಳ್ಳುಗಳಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುವ ಲ್ಯಾನೋಲಿನ್ ಎಣ್ಣೆಯನ್ನು ಪ್ರತಿ ಶರತ್ಕಾಲದಲ್ಲಿ ಸಿಂಪಡಿಸುತ್ತೇನೆ. ಗಟ್ಟಿಯಾಗಿ ಒಣಗುವ ಕಪ್ಪು ಲೇಪವನ್ನು ನಾನು ಒಪ್ಪುವುದಿಲ್ಲ, ಅದರಲ್ಲಿ ಬಿರುಕು ಬಿಟ್ಟರೆ ನೀರು ಒಳಗೇ ಕೂತು ತಗಡನ್ನು ತಿನ್ನುತ್ತದೆ. ಲ್ಯಾನೋಲಿನ್ ಒಣಗುವುದಿಲ್ಲ, ವಾಸನೆ ಮಾತ್ರ ವಾರಗಟ್ಟಲೆ ಗ್ಯಾರೇಜಿನಲ್ಲಿ ಉಳಿಯುತ್ತದೆ, ಮನೆಯವರು ಅದನ್ನು ಕ್ಷಮಿಸಿಲ್ಲ.

ಗಾಡಿಯನ್ನು ನಮಗೆ ಬೇಕಾದಂತೆ ಮಾರ್ಪಡಿಸುವುದರಲ್ಲಿ ನನ್ನ ರುಚಿ ಸ್ವಲ್ಪ ಶುಷ್ಕ. ಎತ್ತರಿಸುವ ಕಿಟ್ಟು, ಅಗಲ ಟೈರುಗಳನ್ನು ಈ ಗಾಡಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಮುಂದಿನ ಪ್ರತಿ ಚಕ್ರಕ್ಕೂ ಪ್ರತ್ಯೇಕ ತೊಲೆಯಿರುವ ಟ್ವಿನ್ ಐ-ಬೀಮ್ ಸಸ್ಪೆನ್ಷನ್ನಿನಲ್ಲಿ ಚಕ್ರ ಮೇಲೆ ಕೆಳಗೆ ಆಡಿದಂತೆ ಅದರ ಓರೆಯೂ ಬದಲಾಗುತ್ತದೆ. ಎತ್ತರ ಬದಲಿಸಿದರೆ ಅಲೈನ್‌ಮೆಂಟ್ ಕೆಟ್ಟು ಟೈರಿನ ಒಂದಂಚು ಸವೆಯುತ್ತದೆ, ಸರಿಪಡಿಸಲು ಬುಷಿಂಗುಗಳನ್ನೇ ಬದಲಿಸಬೇಕಾಗುತ್ತದೆ. ನಾನು ಮಾಡಿದ ಬದಲಾವಣೆಗಳಲ್ಲಿ ಹೆಚ್ಚಿನವು ವಿದ್ಯುತ್ತಿಗೆ ಸಂಬಂಧಿಸಿದವು. ಮೂಲ ವ್ಯವಸ್ಥೆಯಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಎರಡು ರಿಲೇಗಳನ್ನು ಹಾಕಿ, ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ವೈರು ಎಳೆದಾಗ ಅದೇ ಬಲ್ಬುಗಳು ಎದ್ದು ಕಾಣುವಷ್ಟು ಪ್ರಖರವಾದವು, ಸ್ವಿಚ್ಚಿಗೂ ಆರಾಮ ಸಿಕ್ಕಿತು. ಬ್ಯಾಟರಿಯನ್ನು ಚಾರ್ಜ್ ಮಾಡುವ ಹಳೆಯ ಆಲ್ಟರ್ನೇಟರ್ ಜಾಗಕ್ಕೆ ಅದೇ ಕಂಪನಿಯ ನಂತರದ ಗಾಡಿಗಳ, ಹೆಚ್ಚು ಕರೆಂಟು ಕೊಡುವ 3ಜಿ ಎಂಬ ಆಲ್ಟರ್ನೇಟರನ್ನು ಗುಜರಿಯಿಂದ ತಂದು ಕೂರಿಸಿದೆ. ಇದರ ಜೊತೆಗೆ ಬ್ಯಾಟರಿಯವರೆಗಿನ ಕೇಬಲನ್ನೂ ದಪ್ಪದ್ದಕ್ಕೆ ಬದಲಿಸಿ ದೊಡ್ಡ ಫ್ಯೂಸ್ ಹಾಕುವುದು ಕಡ್ಡಾಯ. ಲೋಡ್ ಬಾಡಿಗೆ ರಬ್ಬರ್ ಲೇಪ ಸಿಂಪಡಿಸಿ, ಪಕ್ಕಗಳಿಗೆ ಹಗ್ಗ ಕಟ್ಟುವ ಕೊಂಡಿಗಳನ್ನು ಬೋಲ್ಟ್ ಮಾಡಿದ್ದೇನೆ. ಉದ್ದದ ಬೆಂಚ್ ಸೀಟಿಗೆ ಹೊಸ ಸ್ಪಂಜು, ಹೊಸ ಬಟ್ಟೆ. ಅಷ್ಟೇ.

ಇಷ್ಟು ಹಳೆಯ ಗಾಡಿಗೆ ಈ ರಾಜ್ಯದಲ್ಲಿ ಐತಿಹಾಸಿಕ ವಾಹನದ ನಂಬರ್ ಪ್ಲೇಟ್ ಸಿಗುತ್ತದೆ, ಶುಲ್ಕವೂ ಕಡಿಮೆ. ಆದರೆ ಅದನ್ನು ಹಾಕಿಕೊಂಡರೆ ಪ್ರದರ್ಶನ, ಮೆರವಣಿಗೆಯಂಥವಕ್ಕೂ ಆಗಸ್ಟ್ ತಿಂಗಳಿನಲ್ಲೂ ಮಾತ್ರ ಓಡಿಸಬಹುದು. ಸೌದೆ ಹೇರುವವರು ಸಾಮಾನ್ಯ ನೋಂದಣಿಯಲ್ಲೇ ಇರಬೇಕು. ಕೊಳ್ಳುವಾಗ ವಿಐಎನ್ ಎಂಬ ಗಾಡಿಯ ಗುರುತು ಸಂಖ್ಯೆಯ ಎಂಟನೆಯ ಅಕ್ಷರ ಇಂಗ್ಲಿಷಿನ ವೈ ಆಗಿದ್ದರೆ ಎಂಜಿನ್ ಇದೇ ಎಂದು ತಿಳಿಯಿರಿ.

ಮಕ್ಕಳನ್ನು ಶಾಲೆಗೆ ಬಿಡುವ ದಿನಬಳಕೆಯ ಗಾಡಿಯಾಗಿ ಇದನ್ನು ಯಾರಿಗೂ ಸೂಚಿಸಲಾರೆ. ಎಫ್-150ಕ್ಕೆ ಚಾಲಕನ ಏರ್‌ಬ್ಯಾಗ್ ಬಂದದ್ದೇ 1994ರ ಮಾದರಿಯಲ್ಲಿ. ಈ ಗಾಡಿಯಲ್ಲಿ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ ಹಿಂದಿನ ಚಕ್ರಗಳಿಗೆ ಮಾತ್ರ ಇದೆ. ಖಾಲಿ ಗಾಡಿಯ ಹಿಂಭಾಗ ಹಗುರವಾದ್ದರಿಂದ ಹಿಮದ ಮೇಲೆ ಜಾರುತ್ತದೆ, ಡಿಸೆಂಬರಿನಿಂದ ಮಾರ್ಚಿವರೆಗೆ ಆಕ್ಸಲ್ಲಿನ ನೇರಕ್ಕೆ ಮರಳು ಚೀಲಗಳನ್ನು ಹೇರಿಕೊಂಡೇ ಓಡಿಸುತ್ತೇನೆ. ವಾರಾಂತ್ಯದಲ್ಲಿ ಕೈ ಕೊಳೆ ಮಾಡಿಕೊಳ್ಳಲು ಇಷ್ಟವಿದ್ದು, ಮನೆಯಲ್ಲಿ ನಂಬಿಕೆಯ ಇನ್ನೊಂದು ಕಾರು ಇರುವವರಿಗೆ ಇದಕ್ಕಿಂತ ಕಲಿಸುವ ಗಾಡಿ ಸಿಗುವುದು ಕಷ್ಟ.

ನಾನು ಮುಟ್ಟದೆ ಬಿಟ್ಟ ಒಂದೇ ಭಾಗ ಏರ್ ಕಂಡೀಷನರ್. ಈ ಕಾಲದ ಗಾಡಿಗಳಲ್ಲಿ ಓಝೋನ್ ಪದರಕ್ಕೆ ಹಾನಿ ಮಾಡುವ ಆರ್-12 ಅನಿಲವಿದ್ದು, ಅದನ್ನು ಕೊಂಡು ತುಂಬಲು ಪರಿಸರ ಇಲಾಖೆಯ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕು. ಆರ್-134ಎ ಅನಿಲಕ್ಕೆ ಮಾರ್ಪಡಿಸಬೇಕಾದರೆ ಹಳೆಯ ಎಣ್ಣೆ ತೊಳೆದು ಸೀಲುಗಳನ್ನೂ ಡ್ರೈಯರನ್ನೂ ಬದಲಿಸಿ ವ್ಯಾಕ್ಯೂಮ್ ಎಳೆಯಬೇಕು. ಮಿಷಿಗನ್ನಿನ ಬೇಸಗೆಗೆ ಅಷ್ಟು ಖರ್ಚು ನನಗೆ ಹೆಚ್ಚೆನಿಸಿದೆ. ಸದ್ಯಕ್ಕೆ ಎರಡೂ ಕಿಟಕಿಗಳ ಹಿಡಿ ತಿರುಗಿಸಿ ಗಾಜು ಇಳಿಸಿಕೊಳ್ಳುತ್ತೇನೆ.