ಸುಸ್ತಿಗೆ ಐರನ್ ಮಾತ್ರೆ: ವರ್ಷದ ಮೇಲಿನ ಬಳಕೆ ಆದಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸುಸ್ತು ಹೋಗಲಿ ಅಂತ ನಾನು ಬಳಸಿದ್ದರಲ್ಲೆಲ್ಲ ನಿಜವಾಗಿ ಕೆಲಸ ಮಾಡಿದ್ದು ಸಾದಾ ಐರನ್ ಮಾತ್ರೆ, ಫೆರಸ್ ಸಲ್ಫೇಟ್. ಅದು ಕೆಲಸ ಮಾಡಿದ್ದು ನನ್ನ ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇದ್ದದ್ದರಿಂದ. ಕೊರತೆ ಇಲ್ಲದವರು ಇದನ್ನು ನುಂಗಿದರೆ ಹುರುಪೇನೂ ಬರುವುದಿಲ್ಲ, ಹೊಟ್ಟೆ ಕೆಡಬಹುದು ಅಷ್ಟೇ. ಹಾಗಾಗಿ ಮಾತ್ರೆಗಿಂತ ಮುಂಚೆ ಪರೀಕ್ಷೆಯ ಮಾತು.

ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನ ಆಗುವಷ್ಟರಲ್ಲಿ ಮೈ ಭಾರ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೂ ಇದೇ ಕತೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12ರ ಮೇಲೇ ಇತ್ತು, ಹೆಂಗಸರಿಗೆ ಅದು ನಾರ್ಮಲ್. ಎಷ್ಟೋ ಜನರ ತಪಾಸಣೆ ಇಲ್ಲಿಗೇ ಮುಗಿದುಹೋಗುತ್ತದೆ. ನನ್ನ ವೈದ್ಯೆ ಮಾತ್ರ ಫೆರಿಟಿನ್ ಕೂಡ ನೋಡೋಣ ಅಂದರು. ಅದು ತೀರಾ ಕೆಳಗಿತ್ತು.

ಫೆರಿಟಿನ್ ಅಂದರೆ ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅನ್ನುವುದರ ಲೆಕ್ಕ. ಬೇರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ ಇದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಖಾಲಿಯಾಗುವುದು ಈ ದಾಸ್ತಾನು, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಅಂದರೆ ರಕ್ತಹೀನತೆ ಬರುವ ಮೊದಲೇ ಸುಸ್ತು ಬರಬಹುದು. ಇನ್ನೊಂದು ವಿಷಯ ನೆನಪಿರಲಿ: ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಜ್ವರದ ಸಮಯದಲ್ಲಿ ಮಾಡಿಸಿದ ಪರೀಕ್ಷೆಯನ್ನು ನಂಬಿ ಕೂರಬೇಡಿ.

ಈಗ ಮಾತ್ರೆ. ಡಬ್ಬಿಯ ಮೇಲೆ 325 ಮಿಲಿಗ್ರಾಂ ಅಂತ ಇರುತ್ತದೆ. ಅದು ಇಡೀ ಸಂಯುಕ್ತದ ತೂಕ. ಅದರೊಳಗಿನ ಕಬ್ಬಿಣ ಸುಮಾರು 65 ಮಿಲಿಗ್ರಾಂ. ಬೇರೆ ಬೇರೆ ಮಾತ್ರೆಗಳನ್ನು ಹೋಲಿಸುವಾಗ ಈ ಎರಡನೇ ಅಂಕಿಯನ್ನೇ ನೋಡಬೇಕು. ಹೊಳೆಯುವ ಪ್ಯಾಕೆಟ್ಟಿನಲ್ಲಿ ಬರುವ ಎಷ್ಟೋ ಮಲ್ಟಿವಿಟಮಿನ್‌ಗಳಲ್ಲಿ ಕಬ್ಬಿಣ ಇದಕ್ಕಿಂತ ತುಂಬಾ ಕಡಿಮೆ. ಕೆಲವದರಲ್ಲಿ ಇರುವುದೇ ಇಲ್ಲ.

ಮೊದಲು ದಿನಕ್ಕೊಂದು ಅಂತ ಬರೆದುಕೊಟ್ಟಿದ್ದರು. ಹೊಟ್ಟೆ ತೊಳಸುವುದು, ಮಲಬದ್ಧತೆ ಎರಡೂ ಶುರುವಾದವು. ಆಗ ದಿನ ಬಿಟ್ಟು ದಿನಕ್ಕೆ ಬದಲಾಯಿಸಿದರು. ಇದರ ಹಿಂದಿನ ಕಾರಣ ನನಗೆ ಬಹಳ ಇಷ್ಟವಾಯಿತು. ಕಬ್ಬಿಣ ಒಳಗೆ ಹೋದ ಕೂಡಲೇ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಅದು ಸುಮಾರು ಒಂದು ದಿನ ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಆ ಹೊತ್ತಿನಲ್ಲೇ ಇನ್ನೊಂದು ಮಾತ್ರೆ ನುಂಗಿದರೆ ಅದರಲ್ಲಿ ಸ್ವಲ್ಪವೇ ರಕ್ತ ಸೇರುತ್ತದೆ, ಉಳಿದದ್ದು ಕರುಳಲ್ಲೇ ಉಳಿದು ತೊಂದರೆ ಕೊಡುತ್ತದೆ. ಒಂದು ದಿನ ಬಿಟ್ಟರೆ ಪ್ರತಿ ಮಾತ್ರೆಯಿಂದ ಸಿಗುವ ಪಾಲು ಹೆಚ್ಚು. ಹಾಗಂತ ಎಲ್ಲರಿಗೂ ಇದೇ ಅಂತಲ್ಲ. ಹಿಮೋಗ್ಲೋಬಿನ್ ತುಂಬಾ ಇಳಿದವರಿಗೆ, ಬಸುರಿಯರಿಗೆ ಲೆಕ್ಕಾಚಾರ ಬೇರೆ.

ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಅಸಿಡಿಟಿ ಮಾತ್ರೆಗಳೂ ಅಷ್ಟೇ. ನಾನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ ತೆಗೆದುಕೊಂಡು, ಕಾಫಿಯನ್ನು ಎರಡು ಗಂಟೆ ಮುಂದಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ಇಡೀ ಚಿಕಿತ್ಸೆಯಲ್ಲಿ ಅದೇ ಕಷ್ಟದ ಭಾಗ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಆದರೆ ಡಾಂಬರಿನ ಥರ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಅದು ರಕ್ತಸ್ರಾವ ಇರಬಹುದು. ತಡ ಮಾಡದೆ ವೈದ್ಯರಿಗೆ ತೋರಿಸಿ.

ಫಲ ಯಾವಾಗ? ಮೊದಲ ಕೆಲವು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ ಉಸಿರು ಹಿಡಿತದಲ್ಲಿರುವುದು ಗಮನಕ್ಕೆ ಬಂತು. ಮಧ್ಯಾಹ್ನದ ಭಾರ ಇಳಿಯಲು ತಿಂಗಳುಗಳೇ ಬೇಕಾದವು. ಮೈ ಹಗುರ ಆಯಿತು ಅಂತ ಅಲ್ಲಿಗೇ ಮಾತ್ರೆ ಬಿಡಬಾರದು, ದಾಸ್ತಾನು ತುಂಬಲು ಇನ್ನೂ ಸಮಯ ಬೇಕು. ರಕ್ತಹೀನತೆ ಇದ್ದವರಿಗೆ ಹಿಮೋಗ್ಲೋಬಿನ್ ಸರಿಹೋದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ.

ಇದಕ್ಕೂ ಮೊದಲು ಬಳಸಿದ್ದು ಬಿ ಕಾಂಪ್ಲೆಕ್ಸ್. ಮೂತ್ರ ಗಾಢ ಹಳದಿ ಆಯಿತು, ಅದು ಅದರೊಳಗಿನ ಬಿ2, ಅಂದರೆ ರೈಬೋಫ್ಲಾವಿನ್‌ನ ಬಣ್ಣ. ಸುಸ್ತು ಕದಲಲಿಲ್ಲ. ನನ್ನ ಬಿ12 ಸರಿಯಾಗೇ ಇತ್ತು, ಹೆಚ್ಚಿಗೆ ಕೊಟ್ಟರೆ ಏನಾಗಬೇಕು? ಆದರೆ ಅಪ್ಪನ ವಿಷಯ ಬೇರೆ. ಅವರು ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಅದರಿಂದ ಬಿ12 ಕಡಿಮೆಯಾಗಬಹುದು. ಸುಸ್ತಿನ ಜೊತೆ ಪಾದ ಜುಮ್ಮೆನ್ನುತ್ತಿತ್ತು. ಬಿ12 ಚಿಕಿತ್ಸೆ ಶುರುವಾದ ಮೇಲೆ ಈಗ ಎಷ್ಟೋ ವಾಸಿ. ಜುಮ್ಮೆನ್ನುವುದನ್ನು ದಯವಿಟ್ಟು ಕಡೆಗಣಿಸಬೇಡಿ, ತಡವಾದರೆ ನರಕ್ಕಾದ ಹಾನಿ ಹಾಗೇ ಉಳಿದುಬಿಡಬಹುದು.

ಎನರ್ಜಿ ಡ್ರಿಂಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಫೀನ್ ಶಕ್ತಿ ಕೊಡುವುದಿಲ್ಲ. ಆಯಾಸದ ಸೂಚನೆ ಕೊಡುವ ಅಡೆನೋಸಿನ್‌ಗೆ ಮಿದುಳಿನಲ್ಲಿ ಅಡ್ಡ ನಿಲ್ಲುತ್ತದೆ, ಅಷ್ಟೇ. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಕುಡಿದರೆ ರಾತ್ರಿಯ ನಿದ್ದೆ ಹಾಳು, ಮರುದಿನ ಮತ್ತೆ ಸುಸ್ತು.

ಎಚ್ಚರವಾಗಿಡುವ ಮಾತ್ರೆ ಮೊಡಾಫಿನಿಲ್ ಬಗ್ಗೆ ಕೇಳುವವರು ಈಗ ತುಂಬಾ ಜನ. ಅದು ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿಯಂಥ ಕಾಯಿಲೆಗಳಿಗೆ ಇರುವ, ವೈದ್ಯರ ಚೀಟಿ ಬೇಕಾದ ಔಷಧ. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಅಪರೂಪಕ್ಕೆ ಅಪಾಯಕಾರಿ ಚರ್ಮದ ಅಲರ್ಜಿಯೂ ಆಗುತ್ತದೆ. ಸುಮ್ನೆ ಯಾರೋ ಹೇಳಿದರು ಅಂತ ನುಂಗುವ ಮಾತ್ರೆ ಅದಲ್ಲ.

ಸುಸ್ತಿಗೆ ಥೈರಾಯ್ಡ್ ಕೂಡ ಕಾರಣ ಆಗಬಹುದು, ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಅದು ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಐರನ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಯಾವುದರಲ್ಲೂ ಆಸಕ್ತಿ ಇಲ್ಲದೆ ಮನಸ್ಸು ಕುಗ್ಗಿರುವುದು, ಇವುಗಳಿಗೆ ಐರನ್ ಮಾತ್ರೆಯಲ್ಲಿ ಉತ್ತರ ಹುಡುಕಬೇಡಿ. ಅವುಗಳ ಚಿಕಿತ್ಸೆಯೇ ಬೇರೆ.

ನನ್ನ ಕೊರತೆಗೆ ಕಾರಣ ಮುಟ್ಟಿನಲ್ಲಿ ಹೋಗುತ್ತಿದ್ದ ಹೆಚ್ಚು ರಕ್ತ. ಈಗ ಅದಕ್ಕೂ ಚಿಕಿತ್ಸೆ ನಡೆಯುತ್ತಿದೆ, ಇಲ್ಲದಿದ್ದರೆ ತುಂಬಿದ್ದೆಲ್ಲ ಮತ್ತೆ ಖಾಲಿಯೇ ಅಲ್ವಾ? ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆ ಕಂಡರೆ ಜಠರ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಅಂತ ನೋಡಿಸಲೇಬೇಕು. ಹಿಮೊಕ್ರೊಮಟೋಸಿಸ್ ಇರುವವರ ಮೈಯಲ್ಲಿ ಕಬ್ಬಿಣ ಮೊದಲೇ ಮಿತಿಮೀರಿ ಕೂಡಿರುತ್ತದೆ, ಅವರು ಈ ಮಾತ್ರೆ ಮುಟ್ಟಬಾರದು. ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿಯನ್ನು ಬೀಗ ಹಾಕುವ ಕಪಾಟಿನಲ್ಲಿಡಿ. ಪುಟ್ಟ ಮಗು ಕೆಲವೇ ಮಾತ್ರೆ ನುಂಗಿದರೂ ಪ್ರಾಣಕ್ಕೆ ಅಪಾಯ. ಹಾಗೇನಾದರೂ ಆದರೆ ಲಕ್ಷಣಕ್ಕಾಗಿ ಕಾಯದೆ, ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.